ಮಾವನ ಅಂಗಿಯ ಎರಡನೇ ಗುಂಡಿ

ಮಾರ್ಚ್ ೧

ಮಹಾಘನತೆವೆತ್ತ, ನರ್ಸುಗಳ ಹಾಸ್ಟೆಲಿನ ಏಕಚಕ್ರಾಧಿಪತಿ, ವಾರ್ಡನ್ ಅತ್ತೆಯವರ ಸನ್ನಿಧಾನಕ್ಕೆ,

ಓಣಿಯ ಸಮಸ್ತ ನಾಗರಿಕರ ಪರವಾಗಿ, ಹಾಗೂ ಮೆಟ್ಟಿಲ ಕೆಳಗಿನ ಬೆಕ್ಕಿನ ಪರವಾಗಿ, ತಮ್ಮ ಖಾಸಾ ತಮ್ಮನ ಏಕೈಕ ಸುಪುತ್ರನಾದ ನಾನು ವಿಜ್ಞಾಪಿಸಿಕೊಳ್ಳುವುದೇನೆಂದರೆ:

ಏಪ್ರಿಲ್ ತಿಂಗಳ ಮೊದಲ ಭಾನುವಾರ ನಮ್ಮ ಓಣಿಯಲ್ಲಿ 'ನೆನಪಿನ ಸಂಜೆ' ನಡೆಯಲಿದೆ. ಇಲ್ಲಿ ಬಾಳಿದವರು, ಬಾಳುತ್ತಿರುವವರು, ಬಾಳಲಾರದೆ ಓಡಿಹೋದವರು ಎಲ್ಲರೂ ತಮಗೆ ಬಂದ ಭಾಷೆಯಲ್ಲಿ ಒಂದೊಂದು ನೆನಪು ಬರೆದು ಕೊಡಬೇಕು. ಅವನ್ನೆಲ್ಲ ಬಟ್ಟೆ ಒಣಹಾಕುವ ಹಗ್ಗಗಳಿಗೆ ಕ್ಲಿಪ್ಪು ಹಾಕಿ ನೇತುಹಾಕುತ್ತೇವೆ. ಇದಕ್ಕಾಗಿ ಒಂದು ಸಮಿತಿಯಾಗಿದೆ. ಅಧ್ಯಕ್ಷ ನಾನು, ಕಾರ್ಯದರ್ಶಿ ನಾನು, ಗೋಂದು ಹಚ್ಚುವ ಜವಾನನೂ ನಾನೇ. ಚುನಾವಣೆ ಅತ್ಯಂತ ನ್ಯಾಯಸಮ್ಮತವಾಗಿ ನಡೆಯಿತು. ಬೇರೆ ಯಾರೂ ಬಂದಿರಲಿಲ್ಲ.

ಪಿಟೀಲು ಮೇಷ್ಟ್ರು ಆಗಲೇ ಕೊಟ್ಟಿದ್ದಾರೆ: "ನಾನು ಸಾಧನೆಗೆ ಕೂತರೆ ಇಡೀ ಓಣಿ ಕಿಟಕಿ ಮುಚ್ಚಿಕೊಂಡು ಏಕಾಂತದಲ್ಲಿ ಆಸ್ವಾದಿಸುತ್ತಿತ್ತು." ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ತಾತ ನಾಲ್ಕು ಭಾಷೆ ಕಲಸಿ ಬರೆದದ್ದರ ಸಾರ ಇಷ್ಟು: ಸಮುದ್ರದಲ್ಲಿ ಕಂಡ ಬಿರುಗಾಳಿಗಳೆಲ್ಲ ನಮ್ಮ ನಲ್ಲಿ ಮುಂದಿನ ಜಗಳದೆದುರು ಏನೇನೂ ಅಲ್ಲ. ತಮ್ಮ ನೆನಪಿಗಾಗಿ ಒಂದು ಖಾಲಿ ಹಾಳೆ ಇಟ್ಟಿದ್ದೇನೆ. ವಾಪಸ್ ಬರುವಾಗ ಅದು ಖಾಲಿಯಾಗಿರತಕ್ಕದ್ದಲ್ಲ.

ಇನ್ನೊಂದು ಕ್ಷುಲ್ಲಕ ವಿಷಯ. ನಿನ್ನೆ ಮನೆ ಮಾಲೀಕರು ಅಪ್ಪನನ್ನು ಮೆಟ್ಟಿಲಲ್ಲಿ ಅಡ್ಡ ಹಾಕಿದರು. "ನಿಮ್ಮಕ್ಕ ಈ ಸಲ ರಿಟೈರ್ ಆಗ್ತಾರಂತಲ್ಲ, ಬರ್ತಾರೋ ಇಲ್ವೋ? ಎರಡನೇ ಮಹಡಿ ರೂಮು ಎಷ್ಟು ವರ್ಷ ಅಂತ ಬೀಗ ಹಾಕಿಡೋದು? ಈ ತಿಂಗಳು ಮುಗಿಯೋದ್ರೊಳಗೆ ಒಂದು ಮಾತು ಹೇಳ್ಬಿಡಿ." ತಾವು ಬಾರದಿದ್ದರೆ ಮೂಲೆಯ ಬಟ್ಟೆ ಅಂಗಡಿಯವರು ಅಲ್ಲಿ ತಮ್ಮ ಬೊಂಬೆಗಳನ್ನು ಇಡುತ್ತಾರಂತೆ. ಅಂದರೆ ನಮ್ಮ ತಲೆಯ ಮೇಲೆ ತಲೆಯಿಲ್ಲದ ಬಾಡಿಗೆದಾರರು. ಅಮ್ಮ ಅಂದಳು, "ಜಗಳಕ್ಕಾದ್ರೂ ಬಾಯಿರೋರು ಬೇಕು ಕಣೋ. ನಿಮ್ಮತ್ತೆಗೆ ಸರಿಯಾಗಿ ಬರಿ."

ಸರಿಯಾಗಿ ಬರೆದಿದ್ದೇನೆ.

ತಮ್ಮ ಪಾದಧೂಳಿ (ಮತ್ತು ಅಧ್ಯಕ್ಷ)


ಮಾರ್ಚ್ ೬

ಕೋತಿಗೆ,

ಲಕೋಟೆಯ ಮೇಲೆ "ಅತ್ಯಂತ ಗೋಪ್ಯ" ಎಂದು ಕೆಂಪು ಇಂಕಿನಲ್ಲಿ ಬರೆದರೆ ಏನಾಗುತ್ತದೆ ಗೊತ್ತೇ? ಇಡೀ ಹಾಸ್ಟೆಲು ಅದನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆ ನನ್ನ ಕೈಗೆ ಬರುತ್ತದೆ. ಹಾಗಂತ ಫೋನ್ ಮಾಡಬೇಡ. ಫೋನು ಹಜಾರದಲ್ಲಿದೆ, ನೀನು ಮಾತಾಡಿದರೆ ನಗು ಬರುತ್ತದೆ. ವಾರ್ಡನ್ ನಗುವುದನ್ನು ಒಮ್ಮೆ ನೋಡಿದರೆ ಈ ಹುಡುಗಿಯರು ಆಮೇಲೆ ಯಾವ ಮಾತೂ ಕೇಳುವುದಿಲ್ಲ.

ನೆನಪು ಬರೆದುಕೋ: "ಎರಡನೇ ಮಹಡಿಗೆ ನೀರು ಹತ್ತುತ್ತಿರಲಿಲ್ಲ." ಅಷ್ಟೇ. ಉಳಿದ ಹಾಳೆಯಲ್ಲಿ ನಿನಗೆ ಬರೆಯುತ್ತಿದ್ದೇನೆ; ಕಾಗದ ದಂಡ ಮಾಡಬಾರದು.

ರೂಮನ್ನು ಬೊಂಬೆಗಳಿಗೆ ಕೊಟ್ಟುಬಿಡಲಿ. ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ನಾನೊಂದು ಕೋಣೆ ನೋಡಿದ್ದೇನೆ. ಮೆಟ್ಟಿಲಿಲ್ಲ. ಕಿಟಕಿ ಒಂದೇ, ಅದರೆದುರಿಗೆ ಬರೀ ಗೋಡೆ. ನಿಶ್ಚಿಂತೆ. ನನ್ನ ಮಂಡಿಗಳು ಆ ನಿಮ್ಮ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿಲ್ಲ ಎಂದು ನಿಮ್ಮಪ್ಪನಿಗೆ ಹೇಳು. ಅವನಿಗೆ ಬೇಜಾರಾಗುತ್ತದೆ. ಸ್ವಲ್ಪ ಮೆತ್ತಗೆ ಹೇಳು.

ಮತ್ತೆ ಕೊಡೆ ಕಳೆದುಕೊಂಡೆಯಂತೆ. ಅದು ಎಷ್ಟನೆಯದು?

ನಿನ್ನ ಅತ್ತೆ


ಮಾರ್ಚ್ ೯

ಮಹಾಮಹಿಮ ವಾರ್ಡನ್ ಸಾಹೇಬರಿಗೆ,

ತಮ್ಮ ಮಂಡಿಗಳ ಹೇಳಿಕೆಯನ್ನು ಸಮಿತಿಯು ಅತ್ಯಂತ ಗಂಭೀರವಾಗಿ ಪರಿಗಣಿಸಿದೆ. ಒಂದನೇ ಮಹಡಿಯ ತಿರುವಿನಲ್ಲಿ, ನಮ್ಮ ಬಾಗಿಲ ಪಕ್ಕದಲ್ಲೇ, ಒಂದು ಕುರ್ಚಿ ಸ್ಥಾಪಿಸಲಾಗಿದೆ. "ವಾರ್ಡನ್‌ರಿಗೆ ಮೀಸಲು. ಉಳಿದವರು ಕೂತರೆ ದಂಡ" ಎಂದು ಬೋರ್ಡೂ ಹಾಕಿದ್ದೇನೆ. ಸದ್ಯಕ್ಕೆ ಗಡಿಯಾರ ರಿಪೇರಿಯವರು ಬೆಳಗಿನಿಂದ ಅದರಲ್ಲಿ ಕೂತು, ವಾರ್ಡನ್ ಬರಲಿ ಏಳುತ್ತೇನೆ ಎನ್ನುತ್ತಿದ್ದಾರೆ. ನೀನು ಬಾರದೆ ಅವರು ಏಳುವುದಿಲ್ಲ. ಹೊಣೆ ನಿನ್ನದು.

ನಿನ್ನ ನೀರಿನ ನೆನಪನ್ನು ಅಂಗಳದಲ್ಲಿ ಗಟ್ಟಿಯಾಗಿ ಓದಿದೆ. ಮೂವರು ಅಜ್ಜಿಯರು ಎದ್ದು ನಿಂತು ಅನುಮೋದಿಸಿದರು. ನಲ್ಲಿ ಕೆಲಸದ ಮುದುಕ ಮಾತ್ರ ಸಿಡಿದೆದ್ದ: "ನಾನು ಬದುಕಿರೋವಾಗ್ಲೇ ಇಂಥ ಮಾತಾ? ಹತ್ತುತ್ತಿತ್ತು, ಇವರೇ ಕೆಳಗೆ ಬಕೆಟ್ ಇಟ್ಕೊಂಡು ಹತ್ತೋಕೆ ಬಿಡ್ತಿರಲಿಲ್ಲ." ಅಲ್ಲಿಂದ ಜಗಳ ಐದು ಭಾಷೆಗಳಲ್ಲಿ ನಡೆಯಿತು. ಬಹಳ ದಿನದ ಮೇಲೆ ಓಣಿಗೆ ಜೀವ ಬಂತು.

ಒಬ್ಬರು ಮಾತ್ರ ನೆನಪು ಕೊಡಲೊಲ್ಲರು. ನಿನ್ನ ಎದುರು ಕಿಟಕಿಯ ಗುಂಡಿಯಮ್ಮ. ಕೆಳಗೆ ಅದೇ ಗುಂಡಿ ಮತ್ತು ದಾರದ ಅಂಗಡಿ, ಮೇಲೆ ಅದೇ ಮನೆ. ಹಾಳೆ ಕೊಟ್ಟರೆ ಮಡಚಿ ವಾಪಸ್ ಕೊಟ್ಟರು.

"ಮೊದಲು ನಿಮ್ಮತ್ತೆ ಬರೀಲಿ ಮಗಾ. ಆಮೇಲೆ ನಾನು."

"ಬರೆದಿದ್ದಾರಲ್ಲ, ನೀರಿನ ಬಗ್ಗೆ."

"ಅದು ನೀರಿಂದು. ನಮ್ಮದು ಬೇರೆ ಇದೆ."

ಆಮೇಲೆ ತಾವಾಗಿಯೇ ಒಂದಿಷ್ಟು ಹೇಳಿದರು. ನಿಮ್ಮಿಬ್ಬರ ಕಿಟಕಿಗಳ ನಡುವೆ, ಓಣಿಗೆ ಅಡ್ಡಲಾಗಿ, ಎರಡು ರಾಟೆಗಳ ಮೇಲೆ ಒಂದೇ ಹಗ್ಗ ಇತ್ತಂತೆ. ಬೆಳಿಗ್ಗೆ ನಿನ್ನ ಬಟ್ಟೆ, ಮಧ್ಯಾಹ್ನ ಅವರ ಬಟ್ಟೆ. ಅವರು ಹೊಸದಾಗಿ ಬಂದಾಗ ನಿಮ್ಮಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರುತ್ತಿರಲಿಲ್ಲವಾದ್ದರಿಂದ, ಹಗ್ಗ ಒಂದು ಸಲ ಜಗ್ಗಿದರೆ 'ಮಳೆ ಬಂತು', ಎರಡು ಸಲ ಜಗ್ಗಿದರೆ 'ನಿನ್ನ ಹಾಲು ಉಕ್ಕುತ್ತಿದೆ', ಬಿಡದೆ ಜಗ್ಗಿದರೆ 'ಸುಮ್ಮನೆ ಬಾ, ಬೇಜಾರಾಗಿದೆ'. ನಿನ್ನ ಕಡೆಯ ರಾಟೆ ಆಗಾಗ ಕಚ್ಚಿಕೊಳ್ಳುತ್ತಿತ್ತಂತೆ. ಮಾವ ದಿನಾ "ನಾಳೆ ಎಣ್ಣೆ ಬಿಡ್ತೀನಿ" ಅನ್ನುತ್ತಿದ್ದರಂತೆ. ರಾಟೆ ಈಗಲೂ ನಿನ್ನ ಕಿಟಕಿಯ ಮೇಲಿದೆ ಅತ್ತೆ, ತುಕ್ಕು ಹಿಡಿದು. ಮಾವನ 'ನಾಳೆ' ಇನ್ನೂ ಬಂದಿಲ್ಲ.

ಹಗ್ಗ ಏನಾಯಿತು ಅಂತ ಕೇಳಿದೆ. ಯಾರೋ ಗಿರಾಕಿ ಬಂದರು ಅಂತ ಎದ್ದುಹೋದರು. ಯಾರೂ ಬಂದಿರಲಿಲ್ಲ.

ಇಂತಿ,
ಅಧ್ಯಕ್ಷ, ಕುರ್ಚಿ ವಿಭಾಗ

(ಕೊಡೆ ಐದನೆಯದು.)


ಮಾರ್ಚ್ ೧೩

ಕೋತಿಗೆ,

ಕುರ್ಚಿ ತೆಗೆದುಬಿಡು. ನನ್ನ ನೀರಿನ ವಾಕ್ಯವನ್ನೂ ತೆಗೆದುಬಿಡು. ಆ ಹೆಂಗಸಿನ ಹೆಸರು ಇನ್ನು ನಿನ್ನ ಕಾಗದದಲ್ಲಿ ಬರಬಾರದು.

ಮಂಡಿ ನೋವು ಜಾಸ್ತಿಯಾಗಿದೆ. ಹಿಂದಿನ ಬೀದಿಯ ಕೋಣೆಗೆ ಮಾತು ಕೊಡುತ್ತಿದ್ದೇನೆ.

ಅತ್ತೆ


ಮಾರ್ಚ್ ೧೬

ಪೂಜ್ಯ ವಾರ್ಡನ್‌ರಿಗೆ,

ಮಂಡಿಗೆ ಹಚ್ಚುವ ಎಣ್ಣೆ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಅಮ್ಮನದು. ವಾಸನೆಗೆ ನೋವು ಹೆದರಿ ಓಡುತ್ತದೆ, ಪಕ್ಕದವರೂ ಓಡುತ್ತಾರೆ. ನಿನ್ನ ಸಮಸ್ಯೆ ಮಂಡಿಯೊಂದೇ ಆಗಿದ್ದರೆ ನಾನೂ ಅಪ್ಪನೂ ಸೇರಿ ನಿನ್ನನ್ನು ಎತ್ತಿಕೊಂಡೇ ಹತ್ತಿಸುತ್ತೇವೆ. ಅಪ್ಪ ತೋಳು ತಿರುಗಿಸಿ ತಯಾರಿ ನಡೆಸಿ ಭುಜ ಉಳುಕಿಸಿಕೊಂಡಿದ್ದಾನೆ.

ಈಗೊಂದು ತಪ್ಪೊಪ್ಪಿಗೆ, ನಿನ್ನೆಯದು. ಬಟ್ಟೆ ಅಂಗಡಿಯವರು ಅಳತೆ ನೋಡಲೆಂದು ಒಂದು ಬೊಂಬೆಯನ್ನು ನಿನ್ನ ರೂಮಿನಲ್ಲಿಟ್ಟು ಹೋಗಿದ್ದರು. ಬೀಗದ ಕೈ ನನ್ನ ಹತ್ತಿರವೇ ಇತ್ತು. ನಾನು ಸುಮ್ಮನಿರುವವನೇ? ಬೊಂಬೆಯ ಕತ್ತಿನ ಮೇಲೆ ಒಂದು ಪಾತ್ರೆ ಬೋರಲು ಹಾಕಿ, ನಿನ್ನ ಹಳೇ ಹಸಿರು ಶಾಲನ್ನು ತಲೆತುಂಬ ಹೊದಿಸಿ, ಕಿಟಕಿ ತೆಗೆದು ಅಲ್ಲಿ ನಿಲ್ಲಿಸಿದೆ. ಮಾಲೀಕರು ಬಂದಾಗ "ಬಾಡಿಗೆದಾರರು ಬಂದಿದ್ದಾರೆ, ಮಾತಾಡಿ" ಎನ್ನುವುದು ನನ್ನ ಘನ ಯೋಜನೆ.

ಮಾಲೀಕರು ಬರಲಿಲ್ಲ. ಎದುರು ಅಂಗಡಿಯಿಂದ ಆ ಹೆಂಗಸು (ಹೆಸರು ಬರೆದಿಲ್ಲ, ಗಮನಿಸು) ಗುಂಡಿಗಳ ತಟ್ಟೆ ಹಿಡಿದು ಹೊರಗೆ ಬಂದರು. ತಲೆ ಎತ್ತಿದರು. ತಟ್ಟೆ ಕೈಜಾರಿತು. ಬಣ್ಣಬಣ್ಣದ ಗುಂಡಿಗಳು ಓಣಿಯ ತುಂಬ ಉರುಳಾಡುತ್ತಿದ್ದರೆ ಅವನ್ನು ತುಳಿದುಕೊಂಡೇ ಓಡಿಬಂದು ನಮ್ಮ ಮೆಟ್ಟಿಲು ಹತ್ತಿದರು. ನಿನಗಿಂತ ದೊಡ್ಡವರು ಅಲ್ಲವೇ ಅವರು? ನಿನ್ನ ಬಾಗಿಲು ತಳ್ಳಿ ಒಳಗೆ ಬಂದರು. ನೋಡಿದರು. ಬೈಯುತ್ತಾರೆ ಅಂತ ನಾನು ಕಿವಿ ಮುಚ್ಚಿಕೊಂಡೆ. ಬೈಯಲಿಲ್ಲ. ನಿನ್ನ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಬಂದ್ಲು ಅಂದ್ಕೊಂಡೆ ಕಣೋ."

ಅಷ್ಟೇ ಅಂದದ್ದು. ನಾನು ಕೆಳಗಿಳಿದು ಗುಂಡಿಗಳನ್ನು ಆರಿಸುತ್ತಾ ಕೂತೆ. ಅತ್ತೆ, ನನಗೆ ಮೊದಲ ಸಲ ನನ್ನ ಚೇಷ್ಟೆಗೆ ನಗು ಬರಲಿಲ್ಲ. ನಿನ್ನ ಮಂಡಿಗೂ ಅವರ ಕಿಟಕಿಗೂ ಏನಾದರೂ ಸಂಬಂಧ ಇದೆಯೇ?

ಅಧ್ಯಕ್ಷ (ಹುದ್ದೆ ಅಲುಗಾಡುತ್ತಿದೆ)


ಮಾರ್ಚ್ ೧೯

ಲೋ,

ಬಂದಳು ಅಂದುಕೊಂಡಳಂತೆ. ನನ್ನ ಹೊಸ್ತಿಲ ಮೇಲೆ ಕೂತಳಂತೆ. ಅಂದು ಯಾಕೆ ಬಂದು ಕೂರಲಿಲ್ಲ ಅಂತ ಕೇಳು.

ನೀನಾಗ ಮೂರನೇ ಕ್ಲಾಸು. ಶಾಲೆಗೆ ಹೋಗಿದ್ದೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ.

ನಿಮ್ಮ ಮಾವ ಆ ದಿನ ಎಂದಿನಂತೆ ಥಿಯೇಟರಿಗೆ ಹೋದರು. ಟಿಕೆಟ್ ಹರಿಯುವ ಕೆಲಸ, ನಿನಗೆ ನೆನಪಿರಬೇಕು. ಹರಿದ ತುಂಡುಗಳನ್ನೆಲ್ಲ ನಿನಗೆ ತಂದುಕೊಡುತ್ತಿದ್ದರು. ಮ್ಯಾಟಿನಿಗೆ ಬಾಗಿಲು ತೆರೆದವರು ಅಲ್ಲೇ ಕುಸಿದರಂತೆ. ಹುಷಾರಿಲ್ಲ ಅಂತ ಸುದ್ದಿ ಬಂತು. ರೂಮಿಗೆ ಬೀಗ ಹಾಕಿ ಓಡಿದೆ. ಸಂಜೆ ಅವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಓಣಿಗೆ ಬಂದೆ. ಗಾಡಿಯಿಂದ ಇಳಿದು ತಲೆ ಎತ್ತಿದೆ. ಯಾಕೆ ಎತ್ತಿದೆನೋ, ದಿನಾ ಎತ್ತುವ ಅಭ್ಯಾಸ. ನಮ್ಮ ಕಿಟಕಿಯಿಂದ ಹಗ್ಗ ಎರಡು ತುಂಡಾಗಿ ಗೋಡೆಗುಂಟ ಜೋತಾಡುತ್ತಿತ್ತು. ಎದುರು ಕಿಟಕಿಯಲ್ಲಿ ಅವಳು ನಿಂತಿದ್ದಳು, ಕೈಯಲ್ಲಿ ಕತ್ತರಿ. ನನ್ನನ್ನು ನೋಡಿದಳು. ಕಿಟಕಿ ಮುಚ್ಚಿದಳು.

ಸಾವಿನ ಮನೆಯ ಹಗ್ಗ ಕೂಡ ತನ್ನ ಮನೆಗೆ ತಾಕಬಾರದು ಎಂದುಕೊಂಡಳು. ಅವರಿನ್ನೂ ಗಾಡಿಯಲ್ಲೇ ಇದ್ದರು ಕಣೋ. ಅಷ್ಟು ಹೊತ್ತೂ ತಡೆಯಲಾಗಲಿಲ್ಲ ಅವಳಿಗೆ. ಅಷ್ಟು ವರ್ಷ ಒಂದೇ ಹಗ್ಗದ ಮೇಲೆ ಬಟ್ಟೆ ಒಣಗಿಸಿದ್ದೆವು.

ಆ ಕಿಟಕಿಯನ್ನು ನಾನು ಮತ್ತೆ ತೆಗೆಯಲಿಲ್ಲ. ಈ ಕೆಲಸ ಸಿಕ್ಕಿದ ಕೂಡಲೇ ಹೊರಟುಬಂದೆ. ನೀನು ಅಂದು ಮೆಟ್ಟಿಲಲ್ಲಿ ನನ್ನ ಪೆಟ್ಟಿಗೆ ಹಿಡಿದುಕೊಂಡು ಬಿಡದೆ ಅತ್ತದ್ದು ಮರೆತಿಲ್ಲ.

ನನ್ನ ಮಂಡಿಗಳು ಚೆನ್ನಾಗಿವೆ. ಇಲ್ಲಿ ದಿನಾ ಮೂರು ಮಹಡಿ ಹತ್ತಿ ಇಳಿಯುತ್ತೇನೆ. ಎದುರಿಗೆ ಆ ಕಿಟಕಿ ಇಟ್ಟುಕೊಂಡು ಬಾಳಲಾರೆ, ಅಷ್ಟೇ. ರೂಮು ಕೊಟ್ಟುಬಿಡಿ.

ಅತ್ತೆ


ಮಾರ್ಚ್ ೨೨

ಅತ್ತೆ,

ಈ ಕಾಗದದಲ್ಲಿ ಅಧ್ಯಕ್ಷನಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಕೂತುಕೊಂಡು ಓದು.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ನೇರ ಅಂಗಡಿಗೆ ಹೋದೆ. ಗುಂಡಿಯಮ್ಮ ಮೊನ್ನೆ ಚೆಲ್ಲಿದ ಗುಂಡಿಗಳನ್ನು ಇನ್ನೂ ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು. ಸಿಟ್ಟು ಬಂದಿತ್ತು ನನಗೆ, ಪೀಠಿಕೆ ಹಾಕಲಿಲ್ಲ.

"ಹಗ್ಗ ಯಾಕೆ ಕತ್ತರಿಸಿದ್ರಿ?"

ಅವರ ಕೈ ನಿಂತಿತು. "ಯಾರು ಹೇಳಿದ್ದು?"

"ಅತ್ತೆ. ಗಾಡಿಯಿಂದ ಇಳೀತಾ ನೋಡಿದ್ರಂತೆ. ಸಾವಿನ ಮನೆ ಹಗ್ಗ ನಿಮ್ಮನೆಗೆ ತಾಕಬಾರದು ಅಂತ ಕತ್ತರಿಸಿದ್ರಂತೆ."

"ಹಾಗಂದ್ಕೊಂಡ್ಲಾ," ಎಂದರು. "ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ಲಾ?" ಆಮೇಲೆ ಎದ್ದು, ಕೊಕ್ಕೆ ಕೋಲಿನಿಂದ ಅಂಗಡಿಯ ಷಟರ್ ಎಳೆದರು, ಹಾಡಹಗಲಲ್ಲಿ. "ಬಾ ಮೇಲೆ."

ಅವರು ಹೇಳಿದ್ದು ಇದು. ಓಣಿಯಲ್ಲಿ ಆಗ ಇದ್ದದ್ದು ಅವರ ಅಂಗಡಿಯ ಫೋನೊಂದೇ. ಥಿಯೇಟರಿನವರು ಅಲ್ಲಿಗೇ ಮಾಡಿದರು. ಮಾವ ಹೋಗಿಬಿಟ್ಟಿದ್ದಾರೆ ಅಂತಲೇ ಹೇಳಿದರು. "ನಿಮ್ಮತ್ತೆಗೆ ಅದನ್ನ ಹೆಂಗೆ ಹೇಳಲಿ? ಹುಷಾರಿಲ್ವಂತೆ, ಓಡು ಅಂದೆ. ಅವಳು ಓಡಿದ್ಲು. ನಿಮ್ಮಪ್ಪ ಅಮ್ಮಾನೂ ಹಿಂದೇ ಓಡಿದ್ರು. ನಾನು ಇಲ್ಲಿ ಒಬ್ಳೇ ನಿಂತ್ಕೊಂಡು ತಲೆ ಎತ್ತಿ ನೋಡ್ತೀನಿ, ಅವನ ಅಂಗಿಗಳು ಹಗ್ಗದ ಮೇಲೆ ಹಾರಾಡ್ತಾ ಇದಾವೆ."

ಬೆಳಿಗ್ಗೆ ನೀನೇ ಒಗೆದು ಹಾಕಿದ್ದೆಯಲ್ಲ ಅತ್ತೆ. ಇನ್ನೊಂದು ನೀಲಿ ಯೂನಿಫಾರ್ಮು, ಚೌಕಳಿ ಅಂಗಿ, ಒಂದು ಬನಿಯನ್ನು.

"ಅವನನ್ನ ಇಲ್ಲಿ ಮಲಗಿಸ್ತಾರೆ, ಮೇಲೆ ಅವನ ಅಂಗಿ ತೋಳು ಬೀಸ್ತಾ ಇರುತ್ತೆ. ಅದನ್ನ ನೋಡಿದ್ರೆ ಅವಳ ಗತಿ ಏನು? ಹಗ್ಗ ಎಳೆದೆ. ನಿಮ್ಮ ಕಡೆ ರಾಟೆ ಕಚ್ಕೊಂಡಿತ್ತು, ಎಷ್ಟು ಎಳೆದ್ರೂ ಬರ್ಲಿಲ್ಲ. ನಿಮ್ಮ ರೂಮಿಗೆ ಹೋಗೋಣ ಅಂದ್ರೆ ಬೀಗ. ಬೀಗದ ಕೈ ಅವಳ ಸೊಂಟದಲ್ಲಿ. ಕತ್ತರಿಸಿಬಿಟ್ಟೆ. ಬಟ್ಟೆ ಸಮೇತ ನಿಮ್ಮ ಗೋಡೆಗೆ ಜೋತು ಬಿತ್ತು. ಕೆಳಗಿಳಿದು ಈ ಷಟರ್ ಕೋಲಲ್ಲಿ ಒಂದೊಂದೇ ಎಳ್ಕೊಂಡೆ. ಮೇಲೆ ಹತ್ತಿ ಬಂದು ನೋಡೋ ಅಷ್ಟೊತ್ತಿಗೆ ಗಾಡಿ ಬಂದಾಗಿತ್ತು. ಅವಳು ತಲೆ ಎತ್ತಿದ್ಲು. ಒಂದು ಕೈಲಿ ಕತ್ತರಿ, ಇನ್ನೊಂದು ತೋಳಲ್ಲಿ ಅವನ ಅಂಗಿ. ಅದು ಕಣ್ಣಿಗೆ ಬೀಳಬಾರದು ಅಂತ ಕಿಟಕಿ ಮುಚ್ಚಿದೆ."

ಆಮೇಲೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಬಂದೆ. ಬಾಗಿಲು ತೆಗೀಲಿಲ್ಲ. ಕಿಟಕೀನೂ ತೆಗೀಲಿಲ್ಲ. ಅವನ ಬಟ್ಟೆ ಮುಖ ನೋಡೋಕೆ ಅವಳಿಗೆ ಇನ್ನೂ ಆಗ್ತಿಲ್ಲ, ಕೇಳಿದಾಗ ಕೊಡೋಣ ಅಂದ್ಕೊಂಡೆ. ಕೇಳಲೇ ಇಲ್ಲ. ಒಂದಿನ ನೋಡಿದ್ರೆ ನೀನು ಮೆಟ್ಟಿಲಲ್ಲಿ ಅಳ್ತಾ ಕೂತಿದ್ದೆ. ಅವಳು ಹೋಗಿಯಾಗಿತ್ತು."

ಬೀರು ತೆಗೆದರು. ಮೂರೂ ಇಸ್ತ್ರಿ ಮಾಡಿ ಮಡಚಿಟ್ಟಿದ್ದಾರೆ. ಮೇಲೆ ನೀಲಿ ಯೂನಿಫಾರ್ಮು. ಮಾವನ ಎದೆಯ ಮೇಲಿನ ಪಿನ್ನು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಎರಡನೇ ಗುಂಡಿಯ ಜಾಗದಲ್ಲಿ ಯಾವಾಗಲೂ ಪಿನ್ನು. ಈಗ ಅಲ್ಲಿ ಗುಂಡಿ ಇದೆ ಅತ್ತೆ.

"ಮೊದಲು ಹಾಕಿದ್ದು ಬಣ್ಣ ಹೊಂದಿರಲಿಲ್ಲ," ಎಂದರು, ಅದನ್ನು ಬೆರಳಿನಿಂದ ಒರೆಸುತ್ತಾ. "ಆಮೇಲೆ ಸರಿಯಾದ ನೀಲಿ ಬಂತು. ಬಿಚ್ಚಿ ಬದಲಾಯಿಸಿದೆ."

 

ನಾನು


ಮಾರ್ಚ್ ೨೭

ಅತ್ತೆ,

ಉತ್ತರವಿಲ್ಲ. ದಿನಾ ಅಂಚೆಯವನನ್ನು ಓಣಿಯ ತುದಿಯಲ್ಲೇ ಹಿಡಿಯುತ್ತೇನೆ. ಅವನೀಗ ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಾನೆ. ಎದುರಿನವರು ಏನೂ ಕೇಳುವುದಿಲ್ಲ, ಅಂಗಡಿಯ ಬಾಗಿಲಿಗೆ ಬಂದು ನನ್ನ ಕೈ ಖಾಲಿಯೋ ಎಂದು ನೋಡಿ ಒಳಗೆ ಹೋಗುತ್ತಾರೆ. ಮಾಲೀಕರು ಮೂವತ್ತೊಂದಕ್ಕೆ ಬೊಂಬೆಗಳನ್ನು ತರಿಸುತ್ತಾರಂತೆ. ಅಪ್ಪನಿಗೆ ನಾನು ಹೇಳಿದೆ, ಬೈಯಬೇಡ. ಅವನು ಗೋಡೆ ಕಡೆ ತಿರುಗಿ ಕೂತು ಬಹಳ ಹೊತ್ತು ಪೇಪರ್ ಓದಿದ. ಪೇಪರ್ ತಲೆಕೆಳಗಾಗಿತ್ತು.

ಶರ್ಟುಗಳನ್ನು ಪಾರ್ಸೆಲ್ ಮಾಡಲೇ? ಅಥವಾ ಇಲ್ಲಿಗೆ ತಂದಿಟ್ಟುಕೊಳ್ಳಲೇ? ಒಂದು ಸಾಲು ಬರಿ. ನೀರಿನ ಬಗ್ಗೆಯಾದರೂ ಬರಿ.

ನಾನು


ಮಾರ್ಚ್ ೨೮

ಕೋತಿಗೆ,

ಇಷ್ಟು ದಿನ ಬರೆಯಲಾಗಲಿಲ್ಲ. ಕಣ್ಣು ಕೆಂಪಗಿದ್ದದ್ದಕ್ಕೆ ನೆಗಡಿ ಅಂದೆ. ನರ್ಸುಗಳ ಹಾಸ್ಟೆಲಿನಲ್ಲಿ ಆ ಸುಳ್ಳು ಹೇಳಬಾರದು. ಹುಡುಗಿಯರು ಸರದಿಯಲ್ಲಿ ಬಂದು ಜ್ವರ ನೋಡಿದರು. ಕೊನೆಗೆ ಅತ್ತು ತೋರಿಸಿದ ಮೇಲೆಯೇ ಬಿಟ್ಟರು.

ಆ ಬೆಳಿಗ್ಗೆ ಬಟ್ಟೆ ಒಗೆದದ್ದೇ ನನಗೆ ಮರೆತುಹೋಗಿತ್ತು. ಅವರ ಅಂಗಿಗಳು ಎಲ್ಲಿ ಹೋದವು ಎಂದು ಆಮೇಲೆ ಪೆಟ್ಟಿಗೆಯನ್ನೆಲ್ಲ ಹುಡುಕಿದ್ದೆ. ನೋಡಿದ್ದು ಹಗ್ಗ ಮತ್ತು ಕತ್ತರಿ ಮಾತ್ರ. ಒಂದು ಸಲ ಆ ಬಾಗಿಲು ತೆಗೆದಿದ್ದರೆ.

ಈಗ ಕೆಲಸಗಳು. ಸರಿಯಾಗಿ ಕೇಳಿಸಿಕೋ.

ಮಾಲೀಕರಿಗೆ ರೂಮಿಗೆ ನಾನು ಬರುತ್ತೇನೆ ಎಂದು ಹೇಳು. ಬೊಂಬೆಯನ್ನು ಅಂಗಡಿಗೆ ವಾಪಸ್ ಕೊಡು; ನನ್ನ ಶಾಲು ಬಿಚ್ಚಿಕೊಂಡು ಕೊಡು. ಕುರ್ಚಿಯಲ್ಲಿ ಗಡಿಯಾರದವರೇ ಕೂರಲಿ, ನನಗೆ ಬೇಕಿಲ್ಲ. ಗಟ್ಟಿ ಹಗ್ಗ ತಂದು ಎರಡು ಕಿಟಕಿಗೂ ಕಟ್ಟು. ಅದಕ್ಕೂ ಮುಂಚೆ ನಮ್ಮ ಕಡೆಯ ರಾಟೆಗೆ ಎಣ್ಣೆ ಬಿಡು. ನಾಳೆ ಅನ್ನಬೇಡ.

ನಿನ್ನ ಭಾನುವಾರಕ್ಕೆ ನೆನಪು ಕೇಳಿದ್ದೆ. ಇದನ್ನು ಹಾಕು: "ಎದುರು ಕಿಟಕಿಯವಳು ದಿನಾ ಬೆಳಿಗ್ಗೆ ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು, ನಿನ್ನ ಗಂಡನ ಅಂಗಿಗೆ ಗುಂಡಿ ಇಲ್ಲ ಅಂತ. ನಾನು ಹಾಕುತ್ತೇನೆ ಹಾಕುತ್ತೇನೆ ಅಂತ ತಲೆಯಾಡಿಸಿ ನಗುತ್ತಿದ್ದೆ. ನಾನು ಹಾಕಲಿಲ್ಲ. ಅವಳು ಹಾಕಿದಳು." ಅದನ್ನು ಅವಳಿಗೆ ಮೊದಲು ಓದಿ ಹೇಳು. ಆಮೇಲೆ ಅವಳ ಕೈಗೆ ಖಾಲಿ ಹಾಳೆ ಕೊಡು.

ಅಂಗಿಗಳನ್ನು ಮಾತ್ರ ನೀನು ತರಬೇಡ, ಅವಳೂ ಮೆಟ್ಟಿಲು ಹತ್ತುವುದು ಬೇಡ. ಶನಿವಾರ ಬೆಳಿಗ್ಗೆ ಬರುತ್ತೇನೆ. ಪೆಟ್ಟಿಗೆ ಇಳಿಸಿ, ಕಿಟಕಿ ತೆಗೆದು ನಿಲ್ಲುತ್ತೇನೆ. ಅವಳ ಕಡೆಯಿಂದ ಕ್ಲಿಪ್ಪು ಹಾಕಲಿ. ನಾನು ಈ ಕಡೆಯಿಂದ ಎಳೆದುಕೊಳ್ಳುತ್ತೇನೆ.

ನಿನ್ನ ಅತ್ತೆ